ಹೈಪೋ ಮತ್ತು ಹೈಪರ್ ಅದಲುಬದಲಾಗದಿರಲಿ

ಮಾನ್ಯ ಸಂಪಾದಕರೇ,

ಸಕ್ಕರೆ ಕಾಯಿಲೆಯ ಕುರಿತ ಬರಹಗಳಲ್ಲಿ ‘ಹೈಪೋ’ ಇರಬೇಕಾದಲ್ಲಿ ‘ಹೈಪರ್’ ಎಂದು ಅಚ್ಚಾಗುವುದನ್ನು ಆಗಾಗ ಕಾಣುತ್ತಿದ್ದೇನೆ. ಗ್ರೀಕ್‌ನಿಂದ ಇಂಗ್ಲಿಷಿಗೆ ಬಂದ ಈ ಎರಡರಲ್ಲಿ ಮೊದಲನೆಯದಕ್ಕೆ ಕಡಿಮೆ ಎಂದೂ ಎರಡನೆಯದಕ್ಕೆ ಹೆಚ್ಚು ಎಂದೂ ಅರ್ಥ. ಅರ್ಥದಂತೆಯೇ ಚಿಕಿತ್ಸೆಯೂ ತದ್ವಿರುದ್ಧವಾದುದರಿಂದ ಇದನ್ನು ಬರಿಯ ಅಚ್ಚಿನ ದೋಷವೆಂದು ಬಿಟ್ಟುಬಿಡುವಂತಿಲ್ಲ.

ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಅದು ಹೈಪೋಗ್ಲೈಸೀಮಿಯಾ. ಕಾಫಿ ಕೊಯ್ಲಿನ ದಿನಗಳಲ್ಲಿ ಇನ್ಸುಲಿನ್ ಚುಚ್ಚಿಕೊಂಡೋ ಗ್ಲಿಮಿಪಿರೈಡ್‌ನಂಥ ಸಕ್ಕರೆ ಇಳಿಸುವ ಮಾತ್ರೆ ನುಂಗಿಯೋ, ಬೆಳಗಿನ ತಿಂಡಿ ಬಿಟ್ಟು ತೋಟಕ್ಕಿಳಿದವರಿಗೆ ಮೈಯೆಲ್ಲ ಬೆವರಿ, ಕೈ ನಡುಗಿ, ಎದೆ ಹೊಡೆದುಕೊಂಡು, ಮಾತು ತೊದಲತೊಡಗುವುದು ಇದರಿಂದಲೇ. ಆಗ ಬೇಕಾದದ್ದು ತಕ್ಷಣ ಸಕ್ಕರೆ. ಮೂರು ಟೀ ಚಮಚದಷ್ಟು ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಸಕ್ಕರೆ ಇಲ್ಲದಿದ್ದರೆ ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆ) ಬೆಲ್ಲದ ಕಾಫಿಯೂ ಆದೀತು. ಬೆಲ್ಲ ಧಾರಾಳವಾಗಿರಬೇಕು, ಗಟಗಟನೆ ಕುಡಿಯುವಷ್ಟು ಆರಿರಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಬೇಕು.

ಹೈಪರ್‌ಗ್ಲೈಸೀಮಿಯಾ ಇದಕ್ಕೆ ವಿರುದ್ಧವಾದ ಸ್ಥಿತಿ. ವಿಪರೀತ ದಾಹ, ಪದೇ ಪದೇ ಮೂತ್ರ, ಸುಸ್ತು ಇದರ ಲಕ್ಷಣಗಳಾಗಿದ್ದು, ಸಾಮಾನ್ಯವಾಗಿ ಇವು ದಿನಗಟ್ಟಲೆ ನಿಧಾನವಾಗಿ ಏರುತ್ತವೆ. ಪತ್ರಿಕೆಯ ತಪ್ಪು ಪದವನ್ನೇ ನಂಬಿದ ಮನೆಯವರು, ಬೆವರಿ ನಡುಗುತ್ತಿರುವವರಿಗೆ ಸಿಹಿ ತಡೆದು ಇನ್ನೊಂದು ಸಲ ಇನ್ಸುಲಿನ್ ಕೊಟ್ಟರೆ ಜೀವಕ್ಕೇ ಕುತ್ತು. ಅಳೆಯುವ ಯಂತ್ರ ಕೈಯಲ್ಲಿಲ್ಲದೆ ಅನುಮಾನ ಬಂದಾಗ, ಪ್ರಜ್ಞೆ ಇರುವ ರೋಗಿಗೆ ಸಕ್ಕರೆ ಕಡಿಮೆಯಾಗಿದೆ ಎಂದೇ ಭಾವಿಸಿ ಸಿಹಿ ಕೊಡುವುದು ಕ್ಷೇಮ.

ಥೈರಾಯ್ಡ್ ವಿಷಯದಲ್ಲೂ ಇದೇ ಗೊಂದಲವಿದೆ. ಹೈಪೋ ಇದ್ದವರಿಗೆ ಥೈರಾಕ್ಸಿನ್ ಹಾರ್ಮೋನಿನ ಮಾತ್ರೆಯಾದರೆ, ಹೈಪರ್ ಇದ್ದವರಿಗೆ ಆ ಹಾರ್ಮೋನನ್ನು ತಗ್ಗಿಸುವ ಔಷಧ ಬೇಕು. ‘ನನಗೆ ಥೈರಾಯ್ಡ್ ಇದೆ’ ಎಂದಷ್ಟೇ ಹೇಳುವವರು ಯಾವುದೆಂದು ತಮ್ಮ ವೈದ್ಯರನ್ನು ಕೇಳಿ ತಿಳಿದಿರಬೇಕು.

ಆದ್ದರಿಂದ ಪತ್ರಿಕೆಗಳು ‘ಸಕ್ಕರೆ ಕುಸಿತ’, ‘ಸಕ್ಕರೆ ಏರಿಕೆ’ ಎಂದೇ ಬರೆದು, ಅಗತ್ಯವಿದ್ದರೆ ಮಾತ್ರ ಇಂಗ್ಲಿಷ್ ಹೆಸರನ್ನು ಜೊತೆಗಿಡಬೇಕೆಂದು ಕೋರುತ್ತೇನೆ. ಆಸ್ಪತ್ರೆಗಳ ಬಿಡುಗಡೆ ಚೀಟಿಯಲ್ಲೂ ಇವು ಕನ್ನಡದಲ್ಲಿರಲಿ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಕಟ್ಟಿ, ಫೋನೂ ಸತ್ತಿರುವ ರಾತ್ರಿ, ಒಳಗಿನ ಹಳ್ಳಿಯ ಮನೆಯವರಿಗೆ ದಾರಿ ತೋರಲು ಆ ಚೀಟಿಯೊಂದೇ ಇರುತ್ತದೆ.

— ನಿವೃತ್ತ ಶುಶ್ರೂಷಕಿ, ಸಿದ್ದಾಪುರ, ಕೊಡಗು