ಪಿಹೆಚ್ ಮೀಟರ್ ಬಳಸುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ ಕಡೆ ಕೈಯಿಂದ ಕೈಗೆ ಓಡಾಡುತ್ತಿರುವ ನಮ್ಮ ಗುಂಪಿನ ಪಿಹೆಚ್ ಮೀಟರನ್ನು (ಗಿಡಕ್ಕೆ ಕೊಡುವ ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಅಂತ ಅಳೆಯುವ ಸಾಧನ) ಈ ಭಾನುವಾರ ಬೆಳಗ್ಗೆ 10ಕ್ಕೆ ಕ್ಯಾಲಿಬ್ರೇಟ್ ಮಾಡುತ್ತೇವೆ, ಅಂದರೆ ಸರಿಯಾದ ಅಳತೆ ತೋರಿಸುವಂತೆ ಹೊಂದಿಸುತ್ತೇವೆ. ಈಗ ಇಟ್ಟುಕೊಂಡಿರುವವರು ಶನಿವಾರ ಸಂಜೆಯೊಳಗೆ ತಲುಪಿಸಿ. ಸ್ವಂತ ಮೀಟರ್ ಇದ್ದವರೂ ತರಬಹುದು. ಮೊದಲು ಪಿಹೆಚ್ 7, ಆಮೇಲೆ 4ರ ಬಫರಿನಲ್ಲಿ (ಪಿಹೆಚ್ ಇಷ್ಟೇ ಅಂತ ಗೊತ್ತಿರುವ ದ್ರಾವಣ) ಹೊಂದಿಸುತ್ತೇವೆ. ಬಳಸಿದ ಬಫರನ್ನು ಬಾಟಲಿಗೆ ವಾಪಸ್ ಸುರಿಯಬೇಡಿ.

ಮೀಟರ್ ತುದಿಯ ಗಾಜಿನ ಗುಂಡು ಒಣಗಲೇಬಾರದು. ತೊಳೆದ ಮೇಲೆ ಟಿಶ್ಯೂವಿನಿಂದ ಮೆಲ್ಲಗೆ ಒತ್ತಿ, ಉಜ್ಜಬೇಡಿ. ಮುಚ್ಚಳದೊಳಗೆ ಸ್ಟೋರೇಜ್ ದ್ರಾವಣ ಸ್ವಲ್ಪ ಇರಲಿ. ಅದು ಖಾಲಿಯಾಗಿದ್ದರೆ 4ರ ಬಫರ್ ಆದೀತು. ಡಿಸ್ಟಿಲ್ಡ್ ನೀರು ಶುದ್ಧ ಅಲ್ವಾ ಅಂತ ಅದರಲ್ಲಿ ನೆನೆಸಿಡಬೇಡಿ, ಗುಂಡು ಬೇಗ ಹಾಳಾಗುತ್ತದೆ.

ಇನ್ನೊಂದು: ನೀರಿಗೆ ಗೊಬ್ಬರ ಕಲಸಿದ ಮೇಲೆಯೇ ಪಿಹೆಚ್ ಅಳೆಯಿರಿ. ಸೊಪ್ಪಿಗೆ 5.5ರಿಂದ 6.5ರೊಳಗಿದ್ದರೆ ಸಾಕು, ಸುಮ್ನೆ ಆಸಿಡ್ ಸುರಿಯಬೇಡಿ.

ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ. ಬಫರ್ ಎಷ್ಟು ತರಬೇಕು ಅಂತ ಗೊತ್ತಾಗಬೇಕು.