ನಾಲ್ಕೂವರೆ ನಕ್ಷತ್ರ ಕೊಟ್ಟವರು ಯಾರು?

ಮಾನ್ಯ ಸಂಪಾದಕರೇ,

ಸರ್ಕಾರಿ ಕಚೇರಿಯಿರಲಿ, ಸಹಕಾರ ಬ್ಯಾಂಕಿರಲಿ, ಹೊಸ ತಂತ್ರಾಂಶ ಬಂದು ಕೆಲವು ತಿಂಗಳಾದರೆ ಸಾಕು, ಒಂದು ವರದಿ ಸಿದ್ಧವಾಗುತ್ತದೆ. ಇಷ್ಟು ಸಾವಿರ ಮಂದಿ ಲಾಗಿನ್ ಆದರು, ಇಷ್ಟು ಲಕ್ಷ ಅರ್ಜಿ ವಿಲೇವಾರಿಯಾಯಿತು, ಬಳಕೆದಾರರು ಐದಕ್ಕೆ ನಾಲ್ಕೂವರೆ ನಕ್ಷತ್ರ ಕೊಟ್ಟರು. ಈ ಮೂರರಲ್ಲಿ ಯಾವುದೂ ವ್ಯವಸ್ಥೆ ಚೆನ್ನಾಗಿದೆ ಎನ್ನುವುದಕ್ಕೆ ಪುರಾವೆಯಲ್ಲ.

ಮೊದಲು ಲಾಗಿನ್ ಲೆಕ್ಕ. ಮಾಹಿತಿ ವ್ಯವಸ್ಥೆಗಳ ಯಶಸ್ಸನ್ನು ಅಳೆಯಲು ಡಿಲೋನ್ ಮತ್ತು ಮೆಕ್‌ಲೀನ್ ಎಂಬ ಸಂಶೋಧಕರು 1992ರಲ್ಲಿ ಕೊಟ್ಟು, 2003ರಲ್ಲಿ ಪರಿಷ್ಕರಿಸಿದ ಮಾದರಿಯೇ ಇಂದಿಗೂ ಹೆಚ್ಚು ಚಾಲ್ತಿಯಲ್ಲಿದೆ. ವ್ಯವಸ್ಥೆ, ಮಾಹಿತಿ ಮತ್ತು ಸೇವೆ, ಈ ಮೂರರ ಗುಣಮಟ್ಟ ಬಳಕೆಯನ್ನೂ ತೃಪ್ತಿಯನ್ನೂ ನಿರ್ಧರಿಸುತ್ತದೆ, ಅವುಗಳಿಂದ ಸಂಸ್ಥೆಗೆ ಲಾಭ ಎಂಬುದು ಅದರ ತಿರುಳು. ಆದರೆ ಬಳಕೆ ಕಡ್ಡಾಯವಾದ ಕಡೆ ಬಳಕೆಯ ಲೆಕ್ಕ ಏನನ್ನೂ ಹೇಳುವುದಿಲ್ಲ. ಎಚ್‌ಆರ್‌ಎಂಎಸ್ ಎಂಬ ಸಂಬಳದ ತಂತ್ರಾಂಶದಲ್ಲಿ ಬಿಲ್ಲು ತಯಾರಾಗದೆ ಸರ್ಕಾರಿ ನೌಕರರ ಸಂಬಳವಾಗದು. ಇಷ್ಟವಿರಲಿ ಬಿಡಲಿ, ಎಲ್ಲರೂ ಬಳಸುತ್ತಾರೆ. ಅಂಥ ಕಡೆ ನೋಡಬೇಕಾದದ್ದು ಮೇಜಿನ ಡ್ರಾಯರನ್ನು. ತಂತ್ರಾಂಶದಲ್ಲಿ ಈಗಾಗಲೇ ಇರುವ ಮಾಹಿತಿಯನ್ನೇ ಸಿಬ್ಬಂದಿ ಇನ್ನೊಂದು ರಿಜಿಸ್ಟರಿನಲ್ಲೋ ಎಕ್ಸೆಲ್ ಹಾಳೆಯಲ್ಲೋ ಬರೆದಿಟ್ಟುಕೊಂಡಿದ್ದಾರೆಯೇ? ಬರೆದಿದ್ದರೆ ಯಾವ ಕಲಂ? ಹತ್ತು ಮೇಜು ಸುತ್ತಿ ಈ ಪಟ್ಟಿ ಮಾಡಿದರೆ, ತಂತ್ರಾಂಶದ ಯಾವ ಪರದೆಯ ಮೇಲೆ ಸಿಬ್ಬಂದಿಗೆ ನಂಬಿಕೆಯಿಲ್ಲ ಎಂಬುದು ಒಂದೇ ದಿನದಲ್ಲಿ ಗೊತ್ತಾಗುತ್ತದೆ.

ವಿಲೇವಾರಿಯ ಲೆಕ್ಕವೂ ಹಾಗೆಯೇ. ಸಕಾಲ ಕಾಯ್ದೆ ಸೇವೆಗೆ ಗಡುವು ಹಾಕಿ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಇಟ್ಟದ್ದು ದೊಡ್ಡ ಹೆಜ್ಜೆಯೇ. ಆದರೆ ಗಡುವನ್ನಷ್ಟೇ ಅಳೆಯುವ ಯಾವ ಲೆಕ್ಕದಲ್ಲೂ ತಿರಸ್ಕರಿಸಿದ ಅರ್ಜಿ ವಿಲೇವಾರಿಯಾದ ಅರ್ಜಿಯೇ. ಆದ್ದರಿಂದ ಅದೇ ವ್ಯಕ್ತಿ ಅದೇ ಸೇವೆಗೆ 90 ದಿನಗಳೊಳಗೆ ಮತ್ತೆ ಅರ್ಜಿ ಹಾಕಿದ ಪ್ರಮಾಣವನ್ನು ಪಕ್ಕದಲ್ಲೇ ತೋರಿಸಬೇಕು. ಡೇಟಾಬೇಸಿನಲ್ಲಿ ಇದು ಒಂದು ಸಾಲಿನ ಪ್ರಶ್ನೆ. ಕೇಳುವವರಿಲ್ಲ, ಅಷ್ಟೆ.

ನಮ್ಮಲ್ಲಿ ಅತಿ ಹೆಚ್ಚು ಕಡೆಗಣಿಸಿರುವುದು ಮಾಹಿತಿಯ ಗುಣಮಟ್ಟವನ್ನು. ಕನ್ನಡದಲ್ಲಿ ದಾಖಲೆ ಇಡುವ ವ್ಯವಸ್ಥೆಗಳಿಗೆ ಅವುಗಳದ್ದೇ ಕಾಯಿಲೆಗಳಿವೆ. 'ಗಂಗಮ್ಮ' ಎಂದು ಟೈಪ್ ಮಾಡುವಾಗ ಅನುಸ್ವಾರದ ಬದಲು ಕನ್ನಡದ ಸೊನ್ನೆ ಬಿದ್ದರೆ ಕಣ್ಣಿಗೆ ವ್ಯತ್ಯಾಸವೇ ಕಾಣದು. ಗಣಕಕ್ಕೆ ಮಾತ್ರ ಅದು ಬೇರೆಯೇ ಹೆಸರು. ಹುಡುಕಿದರೆ 'ದಾಖಲೆ ಲಭ್ಯವಿಲ್ಲ'. 'ಕೊಟ್ರೇಶ' ಎಂಬಲ್ಲಿನ ಒತ್ವವನ್ನು ಒಂದೇ ಸಂಕೇತವಾಗಿಯೂ ಎತ್ವ, ಊತ್ವಗಳ ಜೋಡಿಯಾಗಿಯೂ ಯುನಿಕೋಡ್‌ನಲ್ಲಿ ಉಳಿಸಬಹುದು. ಎರಡನ್ನೂ ಒಂದೇ ರೂಪಕ್ಕೆ ತರುವ ಹಂತವನ್ನು ತಂತ್ರಾಂಶ ಬರೆದವರು ಮರೆತಿದ್ದರೆ ಹೋಲಿಕೆ ತಪ್ಪುತ್ತದೆ. ಹಳೆಯ ಫಾಂಟುಗಳಿಂದ ಪರಿವರ್ತಿಸಿದ ಕಡತಗಳಲ್ಲಿ ಅರ್ಕಾವತ್ತು ಜಾಗ ತಪ್ಪಿ ಕೂತಿರುವುದೂ ಉಂಟು. ಪಹಣಿಯ ಹೆಸರಿಗೂ ಆಧಾರ್ ಹೆಸರಿಗೂ ತಾಳೆಯಾಗದೆ ರೈತ ಅಲೆಯುವಾಗ ದೂರು ದಾಖಲಾಗುವುದು 'ಸರ್ವರ್ ಸಮಸ್ಯೆ' ಎಂದು. ಸರ್ವರ್ ಪಾಪ, ಸರಿಯಾಗಿಯೇ ಇರುತ್ತದೆ.

ಇದನ್ನು ಅಳೆಯುವುದು ಕಷ್ಟವಲ್ಲ. ಲಾಟರಿ ಕ್ರಮದಲ್ಲಿ 400 ದಾಖಲೆ ಆರಿಸಿ, ಮೂಲ ಕಾಗದದೊಡನೆ ಕಲಂವಾರು ತಾಳೆ ನೋಡಿ. ತಪ್ಪಿನ ಪ್ರಮಾಣ ಹೆಚ್ಚೆಂದರೆ ಶೇ 5ರಷ್ಟು ಆಚೀಚೆಯಲ್ಲಿ ಸಿಗುತ್ತದೆ. ತಪ್ಪು ಕಡಿಮೆಯಿದ್ದಷ್ಟೂ ಅಂದಾಜು ಇನ್ನೂ ಬಿಗಿಯಾಗುತ್ತದೆ: 300 ದಾಖಲೆಯಲ್ಲಿ ಒಂದೂ ತಪ್ಪು ಸಿಗದಿದ್ದರೆ ಒಟ್ಟಾರೆ ತಪ್ಪು ಶೇ 1ಕ್ಕಿಂತ ಕಡಿಮೆ ಎಂದು ಶೇ 95ರ ಭರವಸೆಯಿಂದ ಹೇಳಬಹುದು. ದಾಖಲೆಗಳನ್ನು ಆರಿಸುವುದು ಮಾತ್ರ ಅದೇ ಕಚೇರಿಯವರ ಕೈಯಲ್ಲಿರಬಾರದು. ಇಲ್ಲಿ ಪಹಣಿಗಳನ್ನು ಗಣಕಕ್ಕೆ ತಂದ 'ಭೂಮಿ' ಯೋಜನೆಯನ್ನು ನೆನೆಯಬೇಕು. ಅದರ ಆರಂಭದ ದಿನಗಳಲ್ಲಿ ತಾಲ್ಲೂಕು ಕೇಂದ್ರದ ಕಿಯೋಸ್ಕ್‌ನಲ್ಲಿ ರೈತನ ಕಡೆಗೆ ಮುಖಮಾಡಿದ ಎರಡನೇ ಪರದೆಯೊಂದು ಇತ್ತು. ಒಳಗೆ ಏನು ನಡೆಯುತ್ತಿದೆ ಎಂಬುದು ಹೊರಗೆ ನಿಂತವನಿಗೂ ಕಾಣುತ್ತಿತ್ತು. ಇಂದಿನ ಎಷ್ಟು ಕೌಂಟರುಗಳಲ್ಲಿ ಅರ್ಜಿದಾರ ತನ್ನ ಹೆಸರಿನ ಕಾಗುಣಿತವನ್ನು 'ಸಲ್ಲಿಸು' ಒತ್ತುವ ಮೊದಲೇ ನೋಡಬಲ್ಲ?

ಇನ್ನು ವ್ಯವಸ್ಥೆಯ ಗುಣಮಟ್ಟ. 'ಶೇ 99 ಲಭ್ಯತೆ' ಎಂದರೆ 30 ದಿನದ ತಿಂಗಳಲ್ಲಿ 7.2 ಗಂಟೆ ಸ್ಥಗಿತ. ಗುತ್ತಿಗೆದಾರ 24 ಗಂಟೆಯ ಲೆಕ್ಕ ಹಿಡಿಯುತ್ತಾನೆ. ಆ ಅಷ್ಟೂ ಹೊತ್ತು ಬೆಳಿಗ್ಗೆ 11ರಿಂದ 1ರವರೆಗಿನ ನೂಕುನುಗ್ಗಲಿನಲ್ಲೇ ಬಂದರೂ ಒಪ್ಪಂದದ ಪ್ರಕಾರ ಎಲ್ಲ ಸರಿ. ಆದ್ದರಿಂದ ಲಭ್ಯತೆಯನ್ನು ಕಚೇರಿ ವೇಳೆಗೆ ಸೀಮಿತಗೊಳಿಸಿ, ಡೇಟಾ ಸೆಂಟರಿನ ಒಳಗಿನಿಂದಲ್ಲ, ತಾಲ್ಲೂಕಿನ ಕಂಪ್ಯೂಟರಿನಿಂದ ಅಳೆಯಬೇಕು. ಸರಾಸರಿಯನ್ನೂ ನಂಬುವಂತಿಲ್ಲ. ನೂರು ವ್ಯವಹಾರಗಳಲ್ಲಿ 90ಕ್ಕೆ 2 ಸೆಕೆಂಡ್, ಉಳಿದ 10ಕ್ಕೆ 40 ಸೆಕೆಂಡ್ ಹಿಡಿದರೆ ಸರಾಸರಿ 5.8 ಸೆಕೆಂಡ್. ಹೀಗೆ ಆರು ಸೆಕೆಂಡ್ ಕಾದವರು ಒಬ್ಬರೂ ಇಲ್ಲ! ಬೇಗ ಮುಗಿದದ್ದರಿಂದ ತಡವಾದದ್ದರ ಕ್ರಮದಲ್ಲಿ ಜೋಡಿಸಿ, ನೂರರಲ್ಲಿ 95ನೆಯ ವ್ಯವಹಾರ ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಿ.

ಕೊನೆಗೆ ತೃಪ್ತಿ. ಕೌಂಟರಿನಲ್ಲಿ, ಅಧಿಕಾರಿಯ ಎದುರೇ, ಪ್ರಮಾಣಪತ್ರ ಕೈಗೆ ಬರುವ ಮುನ್ನ ಕೇಳಿದರೆ ಯಾರು ತಾನೇ ನಕ್ಷತ್ರ ಕಡಿಮೆ ಕೊಟ್ಟಾರು? ಕೆಲಸವಾಗದೆ ಮಧ್ಯದಲ್ಲೇ ಕೈಬಿಟ್ಟವರನ್ನಂತೂ ಯಾರೂ ಕೇಳುವುದೇ ಇಲ್ಲ. ಹೋಲಿಕೆಗೆ ಬರುವ ಅಂಕ ಬೇಕಿದ್ದರೆ ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ ಎಸ್‌ಯುಎಸ್ ಎಂಬ, ಬಳಸಲು ಎಷ್ಟು ಸುಲಭ ಎಂದು ಅಳೆಯುವ ಹತ್ತು ಹೇಳಿಕೆಗಳ ಪ್ರಶ್ನಾವಳಿ ಇದೆ. ಪ್ರತಿ ಹೇಳಿಕೆಗೂ 1ರಿಂದ 5ರವರೆಗಿನ ಒಂದು ಅಂಕಿಯಲ್ಲಿ ಉತ್ತರ, 5 ಎಂದರೆ ಪೂರ್ತಿ ಒಪ್ಪಿಗೆ. ಬೆಸ ಸಂಖ್ಯೆಯ ಹೇಳಿಕೆಗಳು ಹೊಗಳುತ್ತವೆ, ಸಮ ಸಂಖ್ಯೆಯವು ತೆಗಳುತ್ತವೆ. ಬೆಸದಲ್ಲಿ ಉತ್ತರದಿಂದ 1 ಕಳೆಯಬೇಕು, ಸಮದಲ್ಲಿ 5ರಿಂದ ಉತ್ತರವನ್ನು ಕಳೆಯಬೇಕು, ಒಟ್ಟನ್ನು 2.5ರಿಂದ ಗುಣಿಸಬೇಕು. ನೂರಕ್ಕೆ ಬರುವ ಈ ಅಂಕ ಶೇಕಡಾವಾರು ಅಲ್ಲ. 68 ಬಂದರೆ ಸಾಧಾರಣ ಎಂದರ್ಥ. ಇನ್ನೊಂದು ಉಪಯೋಗವೂ ಇದೆ: ಓದದೆ ಎಲ್ಲಕ್ಕೂ ಒಂದೇ ಅಂಕಿಗೆ ಗುರುತು ಹಾಕಿದವರ ಮೊತ್ತ, ಅದು 1 ಇರಲಿ 5 ಇರಲಿ, ಸರಿಯಾಗಿ 50 ಬರುತ್ತದೆ. ಅಂಥ ಹಾಳೆಗಳು ರಾಶಿ ಬಿದ್ದರೆ ಸಮೀಕ್ಷೆಯೇ ಕೆಟ್ಟಿದೆ ಎಂದು ತಿಳಿಯಬಹುದು.

ಕನ್ನಡಕ್ಕೆ ತರುವಾಗ 'ಅನಗತ್ಯವಾಗಿ ಸಂಕೀರ್ಣ' ಎಂದು ಬರೆಯುವ ಬದಲು 'ಬೇಡದ ಗೋಜಲು ಇದೆ' ಎಂದರೆ ಗ್ರಾಮ ಒನ್ ಕೇಂದ್ರದ ಮುಂದೆ ನಿಂತವರಿಗೂ ತಿಳಿಯುತ್ತದೆ. ಅರ್ಜಿದಾರ, ಕೇಸ್ ವರ್ಕರ್, ಸಹಿ ಹಾಕುವ ಅಧಿಕಾರಿ, ಈ ಮೂವರ ಅಂಕಗಳನ್ನು ಬೇರೆ ಬೇರೆಯಾಗಿಯೇ ಪ್ರಕಟಿಸಬೇಕು. ಅಧಿಕಾರಿ ನೋಡುವುದು ಡ್ಯಾಶ್‌ಬೋರ್ಡ್, ಕೇಸ್ ವರ್ಕರ್ ತುಂಬುವುದು ಉದ್ದದ ಫಾರಂ. ಇಬ್ಬರ ಸರಾಸರಿಗೆ ಅರ್ಥವಿಲ್ಲ. ಆರ್ಥಿಕ ವರ್ಷ ಮುಗಿಯುವ ಮಾರ್ಚ್ ಕೊನೆಯ ವಾರದಲ್ಲಂತೂ ಸಮೀಕ್ಷೆ ಇಟ್ಟುಕೊಳ್ಳಬೇಡಿ.

ಹೊಸ ಆವೃತ್ತಿಗೆ ಟೆಂಡರ್ ಕರೆಯುವ ಇಲಾಖೆಗಳಿಗೆ ನಮ್ಮ ಒತ್ತಾಯ ಒಂದೇ: ಹಳೆಯದನ್ನು ನಿಲ್ಲಿಸುವ ಮೊದಲೇ ಅದರ ತಪ್ಪಿನ ಪ್ರಮಾಣ, ಕಚೇರಿ ವೇಳೆಯ ಲಭ್ಯತೆ, ಮೂರೂ ಗುಂಪಿನ ಎಸ್‌ಯುಎಸ್ ಅಂಕ ತೆಗೆದಿಡಿ. ಅವನ್ನು ಒಪ್ಪಂದದಲ್ಲೇ ನಮೂದಿಸಿ, ಗುತ್ತಿಗೆದಾರನ ಕೊನೆಯ ಕಂತನ್ನು ಆರು ತಿಂಗಳ ನಂತರದ ಮರು ಅಳತೆಗೆ ಕಟ್ಟಿಹಾಕಿ. ಹಳೆಯ ಸರ್ವರ್ ನಿಲ್ಲಿಸಿದ ಮೇಲೆ ಈ ಅಂಕಿಗಳನ್ನು ಯಾರಿಂದಲೂ ತೆಗೆಯಲಾಗದು.

ಇಂತಿ,
ಕಚೇರಿ ತಂತ್ರಾಂಶಗಳ ಮೌಲ್ಯಮಾಪನದಲ್ಲಿ ತೊಡಗಿರುವ ಓದುಗರು, ಮೈಸೂರು