ಗೋಧಿ ಬಿಡುವ ಮುನ್ನ ರಕ್ತ ಪರೀಕ್ಷೆ, ಬಿಟ್ಟ ಮೇಲೆ ಗಿರಣಿಯ ಮೇಲೆ ಕಣ್ಣು

ಮಾನ್ಯ ಸಂಪಾದಕರೆ,

ಸಿರಿಧಾನ್ಯದ ಬಗ್ಗೆ ಬರುವ ಲೇಖನಗಳಲ್ಲಿ ಈಗೀಗ ‘ಗ್ಲುಟೆನ್ ಇಲ್ಲದ ಆಹಾರ’ ಎಂಬ ಮಾತು ತಪ್ಪದೆ ಇರುತ್ತದೆ. ಗ್ಲುಟೆನ್ ಎಂದರೆ ಗೋಧಿಯಂಥ ಧಾನ್ಯಗಳಲ್ಲಿರುವ ಪ್ರೋಟೀನು. ತೂಕ ಇಳಿಯಬೇಕಾದರೆ ಗೋಧಿ ಬಿಡಿ ಎಂಬ ಸಲಹೆಯೂ ಅದರ ಬೆನ್ನಿಗೇ ಬರುತ್ತದೆ. ಗೋಧಿಯನ್ನು ಬಿಡಲೇಬೇಕಾದವರು ಸೀಲಿಯಾಕ್ ಕಾಯಿಲೆಯವರು. ಅವರಿಗೆ ಈ ಸಲಹೆ ಎರಡು ರೀತಿಯಲ್ಲಿ ಕೆಡುಕು ಮಾಡುತ್ತಿದೆ. ಅದನ್ನು ತಿಳಿಸಲು ಈ ಪತ್ರ.

ಮೊದಲನೆಯದು ಪರೀಕ್ಷೆಯ ವಿಷಯ. ಸೀಲಿಯಾಕ್ ಎಂದರೆ ಅಜೀರ್ಣವಲ್ಲ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಹೊಟ್ಟೆಗೆ ಹೋದಾಗ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿಬೀಳುತ್ತದೆ. ಆಹಾರದ ಸಾರ ಹೀರುವ, ಬೆರಳಿನಂಥ ಸೂಕ್ಷ್ಮ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಹೀಗಾಗಿ ಭೇದಿ, ಹೊಟ್ಟೆಯುಬ್ಬರ ಇಲ್ಲದೆಯೂ ಕಾಯಿಲೆ ಇರಬಹುದು: ಎಷ್ಟು ಕಬ್ಬಿಣದ ಮಾತ್ರೆ ನುಂಗಿದರೂ ಏರದ ಹಿಮೋಗ್ಲೋಬಿನ್, ಎತ್ತರ ಬೆಳೆಯದ ಮಗು, ಪದೇ ಪದೇ ಬಾಯಿಹುಣ್ಣು, ಸಣ್ಣ ವಯಸ್ಸಿಗೇ ಟೊಳ್ಳಾದ ಮೂಳೆ. ಟಿಟಿಜಿ-ಐಜಿಎ ಎಂಬ ಪ್ರತಿಕಾಯದ (ರೋಗನಿರೋಧಕ ವ್ಯವಸ್ಥೆ ತಯಾರಿಸುವ ಪ್ರೋಟೀನು) ರಕ್ತ ಪರೀಕ್ಷೆ, ಜೊತೆಗೆ ಒಟ್ಟು ಐಜಿಎ ಪ್ರಮಾಣ, ಬೇಕಾದರೆ ಎಂಡೋಸ್ಕೋಪಿ ಮಾಡಿ ಕರುಳಿನ ಚೂರಿನ ಪರೀಕ್ಷೆ, ಇದು ಕ್ರಮ. ಆದರೆ ಇವೆಲ್ಲ ಗೋಧಿ ತಿನ್ನುತ್ತಿರುವಾಗಲೇ ಆಗಬೇಕು. ಲೇಖನ ಓದಿ ಮೂರು ತಿಂಗಳು ಗೋಧಿ ಬಿಟ್ಟು ಆಮೇಲೆ ಆಸ್ಪತ್ರೆಗೆ ಹೋದರೆ ರಕ್ತದಲ್ಲಿನ ಪ್ರತಿಕಾಯ ಇಳಿದಿರುತ್ತದೆ, ಕರುಳೂ ಸ್ವಲ್ಪ ಮಾಗಿರುತ್ತದೆ, ವರದಿಯಲ್ಲಿ ‘ಏನೂ ಇಲ್ಲ’ ಎಂದು ಬರಬಹುದು. ಆಗ ವೈದ್ಯರ ನಿಗಾದಲ್ಲಿ ಮತ್ತೆ ಕೆಲವು ವಾರ ದಿನಕ್ಕೊಂದೆರಡು ಚಪಾತಿ ತಿಂದು, ನರಳಿ, ಪರೀಕ್ಷೆಗೆ ಕೂರಬೇಕು. ಈ ಒಂದು ಮಾತನ್ನು ಇಂಥ ಲೇಖನಗಳ ಜೊತೆ ಚೌಕಟ್ಟು ಹಾಕಿ ಅಚ್ಚು ಮಾಡಿದರೂ ಸಾಕು.

ದಕ್ಷಿಣದಲ್ಲಿ ಈ ಕಾಯಿಲೆ ಅಪರೂಪ ಎಂಬುದು ನಿಜ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪ್ರತಿಕಾಯ ಕಂಡುಬಂದವರು ಉತ್ತರ ಭಾರತದಲ್ಲಿ ಶೇ 1.23, ದಕ್ಷಿಣದಲ್ಲಿ ಶೇ 0.10. ಆದರೆ ಕಾಯಿಲೆಗೆ ಬೇಕಾದ ವಂಶವಾಹಿ ಎರಡೂ ಕಡೆ ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರಿಗಿತ್ತು. ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ: ದಿನಕ್ಕೆ ಅಲ್ಲಿ 455 ಗ್ರಾಂ ಗೋಧಿ, ಇಲ್ಲಿ 25 ಗ್ರಾಂ. ಈಗ ನಮ್ಮ ಮನೆಗಳಲ್ಲೂ ರಾತ್ರಿ ಚಪಾತಿ, ಬೆಳಿಗ್ಗೆ ಬ್ರೆಡ್ಡು, ಸಂಜೆ ಬಿಸ್ಕತ್ತು. ‘ನಮ್ಮ ಕಡೆ ಇದು ಇಲ್ಲ’ ಎಂದು ಪರೀಕ್ಷೆ ಬರೆಯದಿರುವುದು ಇನ್ನು ಸಲ್ಲದು. ಒಬ್ಬರಿಗೆ ಕಾಯಿಲೆ ಖಚಿತವಾದರೆ ಅವರ ತಂದೆತಾಯಿ, ಒಡಹುಟ್ಟಿದವರು, ಮಕ್ಕಳಿಗೂ ಪರೀಕ್ಷೆ ಮಾಡಿಸಬೇಕು. ಟೈಪ್ 1 ಮಧುಮೇಹ ಇರುವವರಿಗೂ ಅಷ್ಟೇ.

ಎರಡನೆಯದು, ನಮ್ಮ ಮುಖ್ಯ ವಿಷಯ, ಗಿರಣಿ. ಜೋಳ, ರಾಗಿ, ಸಜ್ಜೆ, ನವಣೆ, ಸಾಮೆ, ಅಕ್ಕಿ ಯಾವುದರಲ್ಲೂ ಸೀಲಿಯಾಕ್‌ಗೆ ಕಾರಣವಾಗುವ ಗ್ಲುಟೆನ್ ಇಲ್ಲ. ಈ ಕಾಯಿಲೆಯವರಿಗೆ ಉತ್ತರ ಕರ್ನಾಟಕದ ಊಟದಷ್ಟು ಹೊಂದುವ ಊಟ ಅಪರೂಪ. ಆದರೆ ಧಾನ್ಯ ನಿರ್ದೋಷಿಯಾದರೆ ಹಿಟ್ಟೂ ನಿರ್ದೋಷಿ ಎಂದಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ ಪ್ರಕಾರ ಗ್ಲುಟೆನ್‌ಮುಕ್ತ ಎನ್ನಲು ಕಿಲೋಗೆ 20 ಮಿಲಿಗ್ರಾಂ ದಾಟಬಾರದು. ಗೋಧಿ ಹಿಟ್ಟಿನಲ್ಲಿ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ಗ್ಲುಟೆನ್ ಎಂದು ಹಿಡಿದರೆ, 5 ಕಿಲೋ ಜೋಳದ ಹಿಟ್ಟಿಗೆ ಕೇವಲ 1 ಗ್ರಾಂ ಗೋಧಿ ಹಿಟ್ಟು ಬೆರೆತರೂ ಆ ಮಿತಿ ಮುಟ್ಟಿತು. ಗೋಧಿ ಬೀಸಿದ ಗಿರಣಿಯ ಕಲ್ಲುಗಳ ನಡುವೆ, ಹಿಟ್ಟು ಇಳಿಯುವ ಬಟ್ಟೆಯ ತೋಳಿನಲ್ಲಿ ಉಳಿಯುವುದು ಒಂದು ಗ್ರಾಂ ಅಲ್ಲ, ಹಿಡಿಗಟ್ಟಲೆ. ರೊಟ್ಟಿ ಬೇಯಿಸಿದರೆ ಹೋಗುತ್ತದೆ ಎಂದುಕೊಳ್ಳಬೇಡಿ, ಒಲೆಯ ಬೆಂಕಿಗೆ ಗ್ಲುಟೆನ್ ನಾಶವಾಗುವುದಿಲ್ಲ.

ಹಾಗಾಗಿ ಕಾಳನ್ನೇ ಕೊಳ್ಳಿ. ಹಿಂಗಾರಿಯಲ್ಲಿ ಜೋಳ, ಗೋಧಿ ಎರಡೂ ಬೆಳೆಯುವ ಕಡೆ ಒಂದೇ ಒಕ್ಕಣೆ ಯಂತ್ರ, ಅವೇ ಚೀಲ. ಒಂದು ಗೋಧಿ ಕಾಳು ಸುಮಾರು 40 ಮಿಲಿಗ್ರಾಂ ತೂಗುತ್ತದೆ. ಕಿಲೋ ಜೋಳದಲ್ಲಿ ಐದು ಕಾಳು ಸಿಕ್ಕರೆ ಮಿತಿ ಮುಗಿಯಿತು. ಬೆಳಕಿನಲ್ಲಿ ತಟ್ಟೆಗೆ ಹರವಿ ಆರಿಸಿ, ತೊಳೆದು, ಬಿಸಿಲಿಗೆ ಒಣಗಿಸಿ ಬೀಸಬೇಕು. ಎಲ್ಲಕ್ಕಿಂತ ಸುರಕ್ಷಿತ ದಾರಿ, ಗೋಧಿ ಎಂದೂ ಕಾಣದ ಸಣ್ಣ ಮನೆ ಗಿರಣಿ. ಬೇರೆಯವರು ಬಳಸಿದ್ದನ್ನು ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಅದು ಆಗದಿದ್ದರೆ, ಅಕ್ಕಿ ಅಥವಾ ಜೋಳಕ್ಕಷ್ಟೇ ಮೀಸಲಾದ ಯಂತ್ರವಿರುವ ಗಿರಣಿ ಹುಡುಕಿ, ಬೆಳಿಗ್ಗೆ ಗೋಧಿಯ ಪಾಳಿ ಶುರುವಾಗುವ ಮೊದಲೇ ಹೋಗಿ, ನಿಮ್ಮದೇ ಡಬ್ಬಿ, ನಿಮ್ಮದೇ ಬಟ್ಟೆ ಕಟ್ಟಿಸಿ. ಮೊದಲು ಎರಡು ಮೂರು ಕಿಲೋ ಅಕ್ಕಿ ಬೀಸಿಸಿ ಆ ಹಿಟ್ಟನ್ನು ದನಕ್ಕೆ ಹಾಕಿ. ಗೋಧಿ ಬೀಸುವ ಯಂತ್ರದಲ್ಲೇ ಈ ಉಪಾಯ ಮಾಡಿದರೆ ಬೆರಕೆ ಕಡಿಮೆಯಾಗುತ್ತದೆ, ಹೋಗುವುದಿಲ್ಲ.

ಹೊರಗೆ ಕೊಳ್ಳುವ ಜೋಳದ ರೊಟ್ಟಿಯಲ್ಲೂ ಎಚ್ಚರ ಬೇಕು. ಲಟ್ಟಿಸುವಾಗ ಹರಿಯದಿರಲಿ ಎಂದು ಒಂದು ಹಿಡಿ ಗೋಧಿ ಹಿಟ್ಟು ಸೇರಿಸುವವರಿದ್ದಾರೆ. ಮನೆಯಲ್ಲಿ ರೊಟ್ಟಿ ಹರಿಯುವುದು ಬಹುಮಟ್ಟಿಗೆ ಹಳೆಯ ಹಿಟ್ಟಿನಿಂದ. ಬೀಸಿ ಬಹಳ ದಿನವಾದರೆ ಜಿಗಿ ಹೋಗುತ್ತದೆ. ಎಂಟು ಹತ್ತು ದಿನಕ್ಕೆ ಸಾಕಾಗುವಷ್ಟೇ ಬೀಸಿಕೊಂಡು, ಕುದಿಯುವ ಎಸರು ಹಾಕಿ ಐದು ನಿಮಿಷ ಮುಚ್ಚಿಟ್ಟು, ಬಿಸಿ ಇರುವಾಗಲೇ ಚೆನ್ನಾಗಿ ನಾದಿದರೆ ಬೇರೆ ಅಂಟು ಬೇಡ. ಒಂದೇ ಅಡುಗೆಮನೆಯಲ್ಲಿ ಚಪಾತಿಯೂ ಆಗುವುದಾದರೆ ಹಿಟ್ಟಿನ ಜರಡಿ, ಕಟ್ಟಿಗೆಯ ಮಣೆ, ಲಟ್ಟಣಿಗೆ, ಹಂಚು ಬೇರೆ ಇರಲಿ. ಸ್ಟೀಲ್ ಪಾತ್ರೆಗಳನ್ನು ಸೋಪು ಹಾಕಿ ತೊಳೆದರೆ ಸಾಕು. ಹೆಚ್ಚಿನ ಮನೆಗಳಲ್ಲಿ ಮರೆತುಹೋಗುವುದು ಜರಡಿ.

ಇನ್ನು ಇಂಗು. ಅಂಗಡಿಯ ಇಂಗು ಬಹುತೇಕ ಮಿಶ್ರ ಇಂಗು: ಗೋಂದು, ಹಿಟ್ಟು, ಒಂದಿಷ್ಟು ಅಸಲಿ ಇಂಗು. ಆ ಹಿಟ್ಟು ಎಷ್ಟೋ ಕಡೆ ಗೋಧಿಯದು ಅಥವಾ ಮೈದಾ. ಒಗ್ಗರಣೆಗೆ ಒಂದು ಚಿಟಿಕೆ ಅಷ್ಟೇ, ನಿಜ. ಆದರೆ ಸಾರು, ಉಪ್ಪಿನಕಾಯಿ, ಚಟ್ನಿಪುಡಿ, ಹಪ್ಪಳ ಎಲ್ಲದರಲ್ಲೂ ದಿನವೂ ಇದೆ. ಗಟ್ಟಿ ಇಂಗು ಎಂದಾಕ್ಷಣ ಶುದ್ಧ ಎಂದೂ ಅಲ್ಲ. ಪೊಟ್ಟಣದ ಹಿಂದೆ ಅಕ್ಕಿ ಹಿಟ್ಟು ಎಂದಿದ್ದರೆ, ಗೋಧಿಯ ಎಚ್ಚರಿಕೆ ಇಲ್ಲದಿದ್ದರೆ ಕೊಳ್ಳಿ. ಇಲ್ಲವಾದರೆ ಬೆಳ್ಳುಳ್ಳಿ ಒಗ್ಗರಣೆ ಸಾಕು.

ಹೆಸರುಗಳೂ ದಾರಿ ತಪ್ಪಿಸುತ್ತವೆ. ‘ಜವೆಗೋಧಿ’ ಎಂದರೆ ಕೆಲವೆಡೆ ಬಾರ್ಲಿ, ಕೆಲವೆಡೆ ಖಪ್ಲಿ. ಎರಡೂ ಬೇಡ. ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಮಾರುವ ಖಪ್ಲಿಯೂ ಗೋಧಿಯೇ. ರಾಗಿಯನ್ನಷ್ಟೇ ಮೊಳಕೆ ಕಟ್ಟಿ ಮಾಡಿದ ರಾಗಿ ಮಾಲ್ಟ್ ಆಗಬಹುದು, ಡಬ್ಬಿಯ ಮಾಲ್ಟ್ ಪಾನೀಯಗಳಲ್ಲಿ ಸಾಮಾನ್ಯವಾಗಿ ಇರುವುದು ಬಾರ್ಲಿ. ‘ಸಿರಿಧಾನ್ಯ ಬಿಸ್ಕತ್ತಿ’ನ ಮೊದಲ ಪದಾರ್ಥ ಮೈದಾ ಆಗಿರಬಹುದು, ಓದಿ ನೋಡಿ. ಹೋಟೆಲಿನಲ್ಲಿ ‘ಗ್ಲುಟೆನ್ ಇದೆಯೇ’ ಎಂದು ಕೇಳಿದರೆ ಉತ್ತರ ಸಿಗದು. ‘ಇದರಲ್ಲಿ ಗೋಧಿ, ಮೈದಾ, ರವೆ ಇದೆಯೇ? ರವಾ ದೋಸೆಯ ಹಂಚೇ ಇದಕ್ಕೂ ಬಳಸುತ್ತೀರಾ?’ ಎಂದು ಕೇಳಿ. ಮದುವೆಯಲ್ಲಿ ಗೋಧಿ ಹುಗ್ಗಿ, ಮಾದಲಿ, ಹೋಳಿಗೆ ಬಡಿಸಿದ ಸೌಟು ಅನ್ನಕ್ಕೆ ಬರುವ ಮೊದಲೇ ಊಟ ಬಡಿಸಿಕೊಳ್ಳುವುದು ಮೇಲು. ಪೂಜೆಯ ಸಪಾದ ರವೆಯದು. ಮಗುವಿನ ಕೈಗೆ ಬಾಳೆಹಣ್ಣು ಕೊಡಿ, ದೇವರಿಗೆ ಕೋಪ ಬಾರದು.

ಗೋಧಿ ತಿಂದಾಗ ಹೊಟ್ಟೆ ಕೆಡುವವರೆಲ್ಲ ಸೀಲಿಯಾಕ್ ರೋಗಿಗಳಲ್ಲ. ತಿಂದ ನಿಮಿಷಗಳಲ್ಲೇ ಮೈಮೇಲೆ ದದ್ದು, ಉಸಿರಾಟದ ತೊಂದರೆ ಬಂದರೆ ಅದು ಗೋಧಿ ಅಲರ್ಜಿ ಇರಬಹುದು. ತಕ್ಷಣ ಆಸ್ಪತ್ರೆಗೆ ಹೋಗಬೇಕು. ಇನ್ನು ಕೆಲವರಿಗೆ ತೊಂದರೆ ಕೊಡುವುದು ಗೋಧಿ, ಈರುಳ್ಳಿ, ಬೆಳ್ಳುಳ್ಳಿಗಳಲ್ಲಿರುವ ಫ್ರಕ್ಟಾನ್ ಎಂಬ ಶರ್ಕರ. ಪ್ರಮಾಣ ತಗ್ಗಿಸಿದರೆ ಅವರಿಗೆ ಸಾಕು, ಗಿರಣಿಯ ಧೂಳಿಗೆ ಹೆದರಬೇಕಿಲ್ಲ. ಸೀಲಿಯಾಕ್ ಪತ್ತೆಯಾದ ಹೊಸದರಲ್ಲಿ ಹಾಲೂ ಒಗ್ಗದಿರಬಹುದು. ಕರುಳು ಮಾಗಿದಂತೆ ಸಾಮಾನ್ಯವಾಗಿ ಸರಿಹೋಗುತ್ತದೆ. ಅಲ್ಲಿಯವರೆಗೆ ಮಜ್ಜಿಗೆ, ಮತ್ತು 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ರಾಗಿ ಇದೆ. ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಟಿಟಿಜಿ ಮಾಡಿಸಿ. ಅದು ಇಳಿಯದಿದ್ದರೆ ಮೊದಲು ಹಿಟ್ಟನ್ನು, ಆಮೇಲೆ ಇಂಗನ್ನು ಅನುಮಾನಿಸಿ.

ಗಿರಣಿ ಮಾಲೀಕರಲ್ಲಿ ಒಂದು ವಿನಂತಿ. ಎರಡು ಮೂರು ಯಂತ್ರ ಇರುವವರು ಒಂದನ್ನು ಗೋಧಿಯಿಂದ ದೂರವಿಟ್ಟು, ‘ಇದರಲ್ಲಿ ಗೋಧಿ ಬೀಸುವುದಿಲ್ಲ’ ಎಂದು ಬಾಗಿಲಲ್ಲಿ ಬರೆದು ಹಾಕಿ, ಆ ಮಾತಿಗೆ ತಪ್ಪದೆ ನಡೆಯಿರಿ. ಅಂಥ ಗಿರಣಿಗೆ ಹತ್ತಾರು ಕಿಲೋಮೀಟರ್ ದೂರದಿಂದಲೂ ಜನ ಜೋಳದ ಚೀಲ ಹೊತ್ತು ಬರುತ್ತಾರೆ.

– ಕೆಲವು ಆಹಾರ ತಜ್ಞರು ಮತ್ತು ಪೋಷಕರು, ಧಾರವಾಡ